ಇರುವೆಯೂ ಜೀರುಂಡೆಯೂ ಮೊದಲು ಮನುಷ್ಯರೇ

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಮೊಮ್ಮಗಳು ಒಂದು ಉದ್ದನೆಯ ನೋಟ್‌ಬುಕ್ಕು ಹಿಡಿದುಕೊಂಡು ಕಲಬುರಗಿಯ ನಮ್ಮ ಮನೆಗೆ ಬಂದಳು. ಆರನೆಯ ತರಗತಿಯ ಹುಡುಗಿ. ಶಾಲೆಯಲ್ಲಿ ರಜೆಯ ಮನೆಗೆಲಸ ಕೊಟ್ಟಿದ್ದರು. ಈಸೋಪನ ಹತ್ತು ಕಥೆ ಬರೆಯಬೇಕು, ಪ್ರತಿ ಕಥೆಯ ಕೆಳಗೆ ಅದಕ್ಕೆ ಹೊಂದುವ ಒಂದು ಕನ್ನಡ ಗಾದೆ ಬರೆಯಬೇಕು.

"ಮುತ್ತ್ಯಾ, ನೀ ಮಾಸ್ತರ ಇದ್ದಿ. ಹತ್ತೂ ಗಾದಿ ಈಗ ಹೇಳಿಬಿಡು, ಒಂದೇ ದಿನಕ್ಕ ಮುಗಿಸ್ತೀನಿ" ಎಂದಳು.

ಮೂವತ್ತಕ್ಕೂ ಹೆಚ್ಚು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವನು ನಾನು. ಕಥೆ ಹೇಳು ಎಂದರೆ ಹಿಗ್ಗುತ್ತೇನೆ. ನಮ್ಮ ಕಲಬುರಗಿಯ ಮೇ ತಿಂಗಳು ನಿಮಗೆ ಗೊತ್ತಲ್ಲ, ಹನ್ನೊಂದು ಗಂಟೆ ದಾಟಿದ ಮೇಲೆ ಹೊರಗೆ ಕಾಲಿಡುವಂತಿಲ್ಲ. ಕಿಟಕಿಗೆ ಕೂಲರ್ ಹಚ್ಚಿ, ನೆಲದ ಮೇಲೆ ಚಾಪೆ ಹಾಸಿ ಅಜ್ಜ ಮೊಮ್ಮಗಳು ಕೂತೆವು. ನನ್ನ ಹೆಂಡತಿ ಅಲ್ಲೇ ಮೊರ ಇಟ್ಟುಕೊಂಡು ತೊಗರಿಬೇಳೆ ಹಸನು ಮಾಡುತ್ತಿದ್ದಳು.

ಮೊದಲ ಕಥೆ ಎಲ್ಲರಿಗೂ ಗೊತ್ತಿರುವುದೇ, ನರಿ ಮತ್ತು ದ್ರಾಕ್ಷಿ. "ಇದಕ್ಕ ಗಾದಿ ನನಗೇ ಬರ್ತದ, ಕೈಗೆಟುಕದ ದ್ರಾಕ್ಷಿ ಹುಳಿ" ಎಂದಳು ಮೊಮ್ಮಗಳು. ನಾನು ನಕ್ಕೆ. ಅದು ಈಸೋಪನ ಕಥೆಯೇ ಗಾದೆಯಾಗಿ ನಮ್ಮ ಬಾಯಿಗೆ ಬಂದು ಕೂತದ್ದು. ಕಥೆಯನ್ನೇ ತಿರುಗಿ ಬರೆದಂತಾಯಿತು. ಅದಕ್ಕೆ ಸರಿಜೋಡಿಯಾದ ನಮ್ಮದೇ ಗಾದೆ ಬೇರೆ ಇದೆ: ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಆಮೇಲೆ ಆಟ ಜೋರಾಯಿತು. ಚಿನ್ನದ ಮೊಟ್ಟೆಯಿಡುವ ಬಾತಿನ ಹೊಟ್ಟೆ ಕೊಯ್ದವನಿಗೆ 'ಅತಿ ಆಸೆ ಗತಿಗೇಡು'. ಮೊಲವನ್ನು ಹಿಂದೆ ಹಾಕಿದ ಆಮೆಗೆ 'ನಿಧಾನವೇ ಪ್ರಧಾನ'. ಎತ್ತಿನಷ್ಟು ದೊಡ್ಡದಾಗಲು ಗಾಳಿ ತುಂಬಿಕೊಂಡು ಒಡೆದುಹೋದ ಕಪ್ಪೆಗೆ 'ಹಾಸಿಗೆ ಇದ್ದಷ್ಟು ಕಾಲು ಚಾಚು'.

ಇನ್ನೊಂದು ಕಥೆಯಲ್ಲಿ ಒಬ್ಬ ಮುದಿ ರೈತ ಸಾಯುವಾಗ ಮಕ್ಕಳನ್ನು ಕರೆದು, ತೋಟದಲ್ಲಿ ಹೊನ್ನು ಹೂಳಿಟ್ಟಿದ್ದೇನೆ ಎನ್ನುತ್ತಾನೆ. ಮಕ್ಕಳು ತೋಟವನ್ನೆಲ್ಲ ಅಗೆಯುತ್ತಾರೆ. ಹೊನ್ನು ಸಿಗುವುದಿಲ್ಲ. ಆದರೆ ನೆಲ ಚೆನ್ನಾಗಿ ಅಗೆದದ್ದರಿಂದ ಆ ವರ್ಷ ದ್ರಾಕ್ಷಿ ಸುರಿಯುವಷ್ಟು ಬೆಳೆಯುತ್ತದೆ. 'ಕೈ ಕೆಸರಾದರೆ ಬಾಯಿ ಮೊಸರು' ಎಂದು ಮೊಮ್ಮಗಳು ನನಗಿಂತ ಮೊದಲೇ ಕೂಗಿದಳು.

ನಡುವೆ ಅವಳಿಗೆ ಒಂದು ಸಂಶಯ. "ಈಸೋಪ ಅಂದ್ರ ಯಾರು ಮುತ್ತ್ಯಾ? ರಾಜ ಇದ್ನೇನು?"

ಅಲ್ಲ ಮಕ್ಕಳೇ, ಆತ ಗುಲಾಮ. ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆ, ಕ್ರಿ.ಪೂ. 6ನೆಯ ಶತಮಾನದಲ್ಲಿ, ಗ್ರೀಸಿನ ಸಾಮೋಸ್ ಎಂಬ ದ್ವೀಪದಲ್ಲಿ ಒಬ್ಬ ಯಜಮಾನನ ಆಳಾಗಿದ್ದನೆಂದು ಇತಿಹಾಸಕಾರ ಹೆರೊಡೋಟಸ್ ಹೇಳುತ್ತಾನೆ. ಡೆಲ್ಫಿ ಎಂಬ ಊರಿನವರು ಅವನನ್ನು ಕೊಂದರೆಂದೂ ಹೇಳುತ್ತಾನೆ. ಆಳಾದವನು ಯಜಮಾನನಿಗೆ ನೇರವಾಗಿ ಬುದ್ಧಿ ಹೇಳಲಾಗುತ್ತದೆಯೇ? ಅದಕ್ಕೇ ನರಿ, ತೋಳ, ಕಾಗೆಗಳ ಬಾಯಲ್ಲಿ ಹೇಳಿಸಿದ ಎನ್ನುವವರಿದ್ದಾರೆ. ಅವನು ತನ್ನ ಕೈಯಿಂದ ಬರೆದ ಪುಸ್ತಕ ಒಂದೂ ಇಲ್ಲ. ಎಲ್ಲವೂ ಬಾಯಿಂದ ಬಾಯಿಗೆ ಬಂದದ್ದು. ಸಾಕ್ರೆಟಿಸ್ ಎಂಬ ಜ್ಞಾನಿ ಕ್ರಿ.ಪೂ. 399ರಲ್ಲಿ ಮರಣದಂಡನೆಗೆ ಕಾಯುತ್ತ ಜೈಲಿನಲ್ಲಿದ್ದಾಗ ಈಸೋಪನ ಕಥೆಗಳನ್ನು ಪದ್ಯ ಮಾಡುತ್ತ ಕೂತಿದ್ದನೆಂದು ಅವನ ಶಿಷ್ಯ ಪ್ಲೇಟೋ ಬರೆದಿದ್ದಾನೆ.

ನಾನು ಚಿಕ್ಕವನಿದ್ದಾಗ ಇವು ಈಸೋಪನ ಕಥೆಗಳೆಂದು ನನಗೆ ಗೊತ್ತೇ ಇರಲಿಲ್ಲ. ನಮ್ಮಪ್ಪ ಕಲಿತದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಅವರ ಬಾಯಲ್ಲಿ ಇವು 'ಲುಕ್ಮಾನ್ ಹಕೀಮನ ಕಥೆಗಳು'. ಕುರಾನಿನಲ್ಲಿ ಹೆಸರು ಬರುವ ಜ್ಞಾನಿ ಲುಕ್ಮಾನ್. ಅರಬ್ಬಿಯಲ್ಲಿ ಅವನ ಹೆಸರಿನಲ್ಲಿರುವ ಎಷ್ಟೋ ಕಥೆಗಳು ಈಸೋಪನ ಕಥೆಗಳೇ. ಅಪ್ಪ ಲುಕ್ಮಾನ್ ಎಂದರೆ, ಶಾಲೆಯ ಮಾಸ್ತರರು ಈಸೋಪ ಎನ್ನುತ್ತಿದ್ದರು. ಯಾರದು ನಿಜ ಎಂದು ನಾನೂ ನನ್ನ ತಮ್ಮನೂ ಮಾವಿನ ಗಿಡದ ಕೆಳಗೆ ಕೂತು ಕಚ್ಚಾಡುತ್ತಿದ್ದೆವು.

ಕಥೆಗಳಿಗೆ ಒಂದೇ ಊರೆಂಬುದಿಲ್ಲ. ಸಿಂಹದ ಚರ್ಮ ಹೊದ್ದು ಎಲ್ಲರನ್ನೂ ಹೆದರಿಸಿ, ಕೊನೆಗೆ ಒದರಿ ಸಿಕ್ಕಿಬಿದ್ದ ಕತ್ತೆ ಈಸೋಪನಲ್ಲೂ ಇದೆ, ಬುದ್ಧನ ಜಾತಕ ಕಥೆಗಳಲ್ಲೂ ಇದೆ. ಸಂಸ್ಕೃತದ ಪಂಚತಂತ್ರದಲ್ಲಿ ಅದೇ ಕತ್ತೆ ಹುಲಿಯ ಚರ್ಮ ಹೊದ್ದಿದೆ. ಪಂಚತಂತ್ರವನ್ನು ಕನ್ನಡಕ್ಕೆ ತಂದವನು ದುರ್ಗಸಿಂಹ. ಚಾಲುಕ್ಯರ ಅರಸ ಜಯಸಿಂಹನ ಬಳಿ ಸಂಧಿವಿಗ್ರಹಿಯಾಗಿದ್ದವನು. ಅವನ ಕೃತಿಯ ಕಾಲ ಸುಮಾರು 1031. ಅದೇ 11ನೆಯ ಶತಮಾನದಲ್ಲಿ ಸಿಮಿಯೋನ್ ಸೇಥ್ ಎಂಬಾತ ಪಂಚತಂತ್ರದ ಅರಬ್ಬಿ ರೂಪವನ್ನು ಗ್ರೀಕ್ ಭಾಷೆಗೆ ತಂದ. ಗ್ರೀಕರ ಕಥೆ ನಮ್ಮಲ್ಲಿಗೆ ಬಂತು, ನಮ್ಮ ಕಥೆ ಗ್ರೀಕರಲ್ಲಿಗೆ ಹೋಯಿತು. ಯಾರು ಯಾರಿಗೆ ಸಾಲ ಕೊಟ್ಟರೆಂಬ ಲೆಕ್ಕ ಯಾರ ಖಾತೆ ಪುಸ್ತಕದಲ್ಲೂ ಇಲ್ಲ.

ಹೀಗೆ ಎರಡು ದಿನ ನಡೆಯಿತು. ಮೂರನೆಯ ದಿನ ಏಳನೆಯ ಕಥೆ, ಇರುವೆ ಮತ್ತು ಮಿಡತೆ.

ನಮ್ಮ ಪಾಠಪುಸ್ತಕಗಳಲ್ಲಿ ಅದು ಮಿಡತೆ. ಗ್ರೀಕ್ ಮೂಲದಲ್ಲಿ ಅದು ಗಿಡದ ಮೇಲೆ ಕೂತು ಜೀರ್ ಎಂದು ಹಾಡುವ ಜೀರುಂಡೆ. ಚಳಿಗಾಲದಲ್ಲಿ ಇರುವೆಗಳು ನೆನೆದ ಕಾಳು ಒಣಗಿಸುತ್ತಿದ್ದವು. ಹಸಿದ ಜೀರುಂಡೆ ಬಂದು ಒಂದಿಷ್ಟು ಕೊಡಿ ಎಂದಿತು. "ಬೇಸಿಗೆಯಲ್ಲಿ ಏನು ಮಾಡುತ್ತಿದ್ದೆ?" "ಬಿಡುವಿರಲಿಲ್ಲ, ಹಾಡುತ್ತಿದ್ದೆ." ಇರುವೆಗಳು ನಕ್ಕು, "ಬೇಸಿಗೆಯಲ್ಲಿ ಹಾಡಿದೆಯಲ್ಲ, ಈಗ ಚಳಿಗಾಲದಲ್ಲಿ ಕುಣಿ" ಎಂದವು.

ಕಥೆ ಮುಗಿಸಿ ಗಾದೆ ಹುಡುಕುತ್ತಿದ್ದೆ. ಮೊಮ್ಮಗಳು ಪೆನ್ನು ಕೆಳಗಿಟ್ಟಳು.

"ಮುತ್ತ್ಯಾ, ಜೀರುಂಡಿ ಆಮ್ಯಾಲ ಏನಾತು?"

"ಅದು ಕಥಿಯೊಳಗ ಇಲ್ಲ."

"ಸತ್ತೋತೇನು?"

ನನಗೆ ಉತ್ತರ ಹೊಳೆಯಲಿಲ್ಲ. ಮೂವತ್ತು ವರ್ಷ ಈ ಕಥೆ ಹೇಳಿದ್ದೇನೆ, ಯಾವ ಮಗುವಿಗೂ ಈ ಪ್ರಶ್ನೆ ಕೇಳಲು ಬಿಟ್ಟಿರಲಿಲ್ಲ. ಕಥೆ ಮುಗಿದ ಕೂಡಲೇ ಬೋರ್ಡಿನ ಮೇಲೆ 'ನೀತಿ' ಎಂದು ಬರೆದು ಕೆಳಗೆ ಗೆರೆ ಎಳೆಯುತ್ತಿದ್ದೆ.

ಆಗ ಮೊರದಿಂದ ತಲೆ ಎತ್ತದೆಯೇ ನನ್ನ ಹೆಂಡತಿ ಅಂದಳು: "ಇರುವಿಗಿ ಕಾಯಕ ಗೊತ್ತಿತ್ತು. ದಾಸೋಹ ಗೊತ್ತಿರಲಿಲ್ಲ."

ಅಷ್ಟೇ ಅಂದಳು. ಆದರೆ ಅದು ಇರುವೆಗೆ ಹೇಳಿದ ಮಾತಲ್ಲ ಎಂದು ನನಗೆ ಗೊತ್ತಾಯಿತು.

ನನ್ನ ತಮ್ಮ ಕಮಲಾಪುರದಲ್ಲಿದ್ದಾನೆ. ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದರೆ ಬಸ್ಸಿನಲ್ಲಿ ಸುಮಾರು ಒಂದು ತಾಸಿನ ಊರು, ಈಗ ತಾಲ್ಲೂಕು ಕೇಂದ್ರ. ಕೆಂಪು ಬಾಳೆಹಣ್ಣಿಗೆ ಹೆಸರಾದದ್ದು. ಸಿಪ್ಪೆ ಕೆಂಪು, ಒಳಗೆ ಕೆನೆಯ ಬಣ್ಣ. ಬೇರೆ ಬಾಳೆಗಿಂತ ಹೆಚ್ಚು ತಿಂಗಳು ಕಾಯಬೇಕು, ಹೆಚ್ಚು ನೀರು ಉಣಿಸಬೇಕು. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ನಾನು ನೌಕರಿ ಹಿಡಿದು ನಗರ ಸೇರಿದೆ. ತಮ್ಮ ಅಪ್ಪನ ಹೊಲ, ಬಾಳೆ ತೋಟ ನೋಡಿಕೊಂಡು ಉಳಿದ. ಅವನಿಗೆ ಹಾಡಿನ ಹುಚ್ಚು. ರಾತ್ರಿ ಭಜನೆಗೆ ಕೂತರೆ, ತತ್ವಪದ ಹಿಡಿದರೆ, ಕೋಳಿ ಕೂಗಿದ್ದೂ ತಿಳಿಯದು.

2015ರಲ್ಲಿ ಮಳೆ ಕೈಕೊಟ್ಟಿತು. 2016ರ ಬೇಸಿಗೆಗೆ ತೋಟದ ಬೋರ್‌ವೆಲ್ ಬತ್ತಿತು. ಗೊನೆ ಬಿಡುವ ಹೊತ್ತಿನ ಬಾಳೆ ನಿಂತಲ್ಲೇ ಒಣಗುತ್ತಿತ್ತು. ಇನ್ನೊಂದು ಬೋರು ಹಾಕಿಸಲು ರೊಕ್ಕ ಕೇಳಲು ತಮ್ಮ ನಮ್ಮ ಮನೆಗೆ ಬಂದ. ಆ ದಿನ ಮನೆಯಲ್ಲಿ ಬೀಗರಿದ್ದರು. ನಾನು ಅವರ ಮುಂದೆ ನನ್ನ ಜಾಣತನ ತೋರಿಸಿದೆ. ಇರುವೆ ಮಿಡತೆಯ ಕಥೆ ಹೇಳಿ, "ರಾತ್ರಿಯೆಲ್ಲ ಹಾಡಿದಿ, ಈಗ ಕುಣಿ" ಎಂದೆ. ಬೀಗರು ನಕ್ಕರು. ತಮ್ಮ ನೀರು ಕುಡಿದ ಲೋಟ ಕೆಳಗಿಟ್ಟು ಎದ್ದು ಹೋದ. ಅಂದಿನಿಂದ ಅವನು ನಮ್ಮ ಮನೆಯ ಹೊಸ್ತಿಲು ತುಳಿದಿಲ್ಲ. ನಾನೂ ಹೋಗಲಿಲ್ಲ. ಬಾಳೆ ಒಣಗಿದ್ದು ಬೇರೆಯವರಿಂದ ಗೊತ್ತಾಯಿತು.

ಇದನ್ನು ಮೊಮ್ಮಗಳಿಗೆ ಹೇಳಲಿಲ್ಲ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಕಪಾಟಿನಲ್ಲಿದ್ದ ಹಳೆಯ ಪುಸ್ತಕ ತೆಗೆದೆ. ಗ್ರೀಕ್ ಕಥೆಗಳ ದೊಡ್ಡ ಸಂಗ್ರಹ, ನಿವೃತ್ತಿಯ ದಿನ ಗೆಳೆಯರು ಕೊಟ್ಟದ್ದು. ಪಾಠಪುಸ್ತಕಕ್ಕೆ ಬರದ ಎಷ್ಟೋ ಕಥೆಗಳು ಅದರಲ್ಲಿವೆ. ಇರುವೆಯ ಮೇಲೆ ಇನ್ನೊಂದು ಕಥೆ ಕಣ್ಣಿಗೆ ಬಿತ್ತು.

ಬೆಳಿಗ್ಗೆ ಅದನ್ನು ಮೊಮ್ಮಗಳಿಗೆ ಹೇಳಿದೆ. ಇರುವೆ ಮೊದಲು ಮನುಷ್ಯನಾಗಿತ್ತಂತೆ, ಅದೂ ಒಬ್ಬ ರೈತ. ತಾನು ಬೆಳೆದದ್ದು ಅವನಿಗೆ ಸಾಲದು. ಯಾವಾಗಲೂ ಪಕ್ಕದವರ ಬೆಳೆಯ ಮೇಲೆ ಕಣ್ಣು, ಅದನ್ನೂ ಕದ್ದು ತರುತ್ತಿದ್ದ. ಗ್ರೀಕರ ದೇವರಾಜ ಜ್ಯೂಸ್ ಸಿಟ್ಟಾಗಿ ಅವನನ್ನು ಇರುವೆ ಮಾಡಿದ. ರೂಪ ಬದಲಾಯಿತು, ಬುದ್ಧಿ ಬದಲಾಗಲಿಲ್ಲ. ಇವತ್ತಿಗೂ ಇರುವೆ ಹೊಲಹೊಲ ತಿರುಗಿ ಮಂದಿಯ ಕಾಳು ಹೊತ್ತು ತನ್ನ ಗೂಡು ತುಂಬುತ್ತದೆ.

"ಅಂದ್ರ ಇರುವಿ ಛಲೋದಲ್ಲೇನು?" ಮೊಮ್ಮಗಳಿಗೆ ಗೊಂದಲ.

ನಿಮಗೂ ಗೊಂದಲವಾಗಬಹುದು ಮಕ್ಕಳೇ. ಒಂದು ಕಥೆಯಲ್ಲಿ ಇರುವೆ ಜಾಣ ದುಡಿಮೆಗಾರ, ಇನ್ನೊಂದರಲ್ಲಿ ಕಳ್ಳ. ಎರಡೂ ಈಸೋಪನ ಹೆಸರಿನವೇ. ಕಥೆಯ ಕೊನೆಗೆ ಬರುವ 'ನೀತಿ' ಎಂಬ ಸಾಲುಗಳಿವೆಯಲ್ಲ, ಅವು ಬಹುತೇಕ ಆಮೇಲೆ ಸಂಗ್ರಹ ಮಾಡಿದವರು ಸೇರಿಸಿದ್ದು. ಸಭೆಯಲ್ಲಿ ಮಾತಾಡುವವರಿಗೆ ಯಾವ ಸಂದರ್ಭಕ್ಕೆ ಯಾವ ಕಥೆ ಎಂದು ತಿಳಿಯಲು ಅವು ಅನುಕೂಲವಾಗಿದ್ದವು. ಒಂದೇ ಕಥೆಗೆ ಬೇರೆ ಬೇರೆ ಪುಸ್ತಕಗಳಲ್ಲಿ ಬೇರೆ ಬೇರೆ ನೀತಿ ಇರುವುದೂ ಉಂಟು.

"ಜೀರುಂಡಿ?" ಎಂದಳು. "ಅದರದೂ ಕಥಿ ಅದೇನು?"

ಇದೆ. ಅದನ್ನು ಹೇಳಿದವನು ಸಾಕ್ರೆಟಿಸ್. ಒಂದು ಮಧ್ಯಾಹ್ನ ಹೊಳೆಯ ದಂಡೆಯ ಗಿಡದ ನೆರಳಲ್ಲಿ ಕೂತು ಗೆಳೆಯನಿಗೆ ಹೇಳಿದನೆಂದು ಪ್ಲೇಟೋ ಬರೆದಿದ್ದಾನೆ. ಜೀರುಂಡೆಗಳೂ ಮೊದಲು ಮನುಷ್ಯರಂತೆ. ಲೋಕಕ್ಕೆ ಮೊಟ್ಟಮೊದಲು ಹಾಡು ಬಂದಾಗ ಅವರು ಎಷ್ಟು ಮೈಮರೆತರೆಂದರೆ, ಉಣ್ಣುವುದು ಕುಡಿಯುವುದನ್ನೇ ಮರೆತು ಹಾಡುತ್ತ ಹಾಡುತ್ತ ಸತ್ತೇ ಹೋದರು. ಕಲೆಯ ದೇವತೆಯರು ಅವರನ್ನು ಜೀರುಂಡೆ ಮಾಡಿದರು. ಹುಟ್ಟಿದಾಗಿನಿಂದ ಸಾಯುವವರೆಗೆ ಅನ್ನ ನೀರಿಲ್ಲದೆ ಹಾಡುವ ವರ ಕೊಟ್ಟರು.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ಹಂಗಾದ್ರ ಇರುವಿನೂ ಮೊದಲ ಮನುಷ್ಯಾನೇ, ಜೀರುಂಡಿನೂ ಮನುಷ್ಯಾನೇ. ಇಬ್ಬರೂ ಅಣ್ಣ ತಮ್ಮ ಇರಬೇಕು ಮುತ್ತ್ಯಾ."

ಹೆಂಡತಿ ಈ ಸಲ ತಲೆ ಎತ್ತಿ ನನ್ನನ್ನು ನೋಡಿದಳು.

ಈಸೋಪನ ಇನ್ನೊಂದು ಚಿಕ್ಕ ಕಥೆ ಇದೆ. ತಾಯಿ ಏಡಿ ಮರಿಗೆ, "ಅಡ್ಡಡ್ಡ ಯಾಕೆ ನಡೆಯುತ್ತೀ, ನೆಟ್ಟಗೆ ನಡೆ" ಎನ್ನುತ್ತದೆ. ಮರಿ, "ಅವ್ವಾ, ನೀ ಮೊದಲು ನಡೆದು ತೋರಿಸು, ನಾ ಹಂಗೇ ನಡೀತೀನಿ" ಎನ್ನುತ್ತದೆ. ನನ್ನ ಮೊಮ್ಮಗಳು ಆ ಏಡಿ ಮರಿಯಂತೆ ಎದುರಿಗೆ ಕೂತಿದ್ದಳು.

ಮರುದಿನ ಬೆಳಿಗ್ಗೆ ಬಿಸಿಲು ಏರುವ ಮುನ್ನ ಮೂವರೂ ಕಮಲಾಪುರದ ಬಸ್ಸು ಹತ್ತಿದೆವು. ಹೇಳಿ ಕಳಿಸಿರಲಿಲ್ಲ. ಹೇಳಿದ್ದರೆ ಬೇಡ ಎಂದಾನೆಂಬ ಹೆದರಿಕೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಪಾಠ ಒಪ್ಪಿಸಿಕೊಂಡೆ. ಇದೇ ದಾರಿಯಲ್ಲಿ ಹುಮನಾಬಾದಿನ ಮೇಲೆ ಮುಂದೆ ಹೋದರೆ ಬಸವಕಲ್ಯಾಣ, ಕಾಯಕ ದಾಸೋಹಗಳ ಮಾತು ಹುಟ್ಟಿದ ಕಲ್ಯಾಣ. ಆ ಮಾತನ್ನು ವರ್ಷಗಟ್ಟಲೆ ಮಕ್ಕಳಿಂದ ಬಾಯಿಪಾಠ ಮಾಡಿಸಿದವನಿಗೆ ತಮ್ಮನ ಮನೆಯ ಹಾದಿ ಅಂದು ಬಹಳ ಉದ್ದವಾಯಿತು.

ತಮ್ಮ ಅಂಗಳದಲ್ಲಿ ತೊಗರಿ ಕಟ್ಟಿಗೆಯ ಹೊರೆ ಕಟ್ಟುತ್ತಿದ್ದ. ನಮ್ಮನ್ನು ನೋಡಿ ಕೈ ನಿಲ್ಲಿಸಿದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಅವನೇ, "ಕಾಲು ತೊಳ್ಕೋ ಅಣ್ಣಾ, ಬಿಸಲಾಗ ಬಂದೀದಿ" ಎಂದು ತಂಬಿಗೆಯಲ್ಲಿ ನೀರು ತಂದಿಟ್ಟ.

ಬಸ್ಸಿನಲ್ಲಿ ಒಪ್ಪಿಸಿಕೊಂಡ ಪಾಠ ಒಂದಕ್ಷರ ಬಾಯಿಗೆ ಬರಲಿಲ್ಲ. ಮೊಮ್ಮಗಳು ಮಾತ್ರ ಹೊಸ ಅಜ್ಜನ ಪಕ್ಕದಲ್ಲಿ ಕೂತು, ಚಹಾ ಬರುವಷ್ಟರಲ್ಲಿ ಇರುವೆ ಜೀರುಂಡೆಗಳ ಮೂರೂ ಕಥೆ ಹೇಳಿ ಮುಗಿಸಿದಳು. ಹಳೆಯ ಮಾತು ಅವಳಿಗೆ ಗೊತ್ತಿರಲಿಲ್ಲ. ತಮ್ಮ ಅವಳನ್ನು ನೋಡಿದ, ನನ್ನನ್ನು ನೋಡಿದ.

"ಅವತ್ತು ನೀ ರೊಕ್ಕ ಕೊಡ್ಲಿಲ್ಲಂತ ನನಗ ಸಿಟ್ಟಿಲ್ಲ ಅಣ್ಣಾ" ಎಂದ. "ನಿನ್ನ ಹಂತ್ಯಾಕೂ ಇರ್ಲಿಕ್ಕಿಲ್ಲ. ಇಲ್ಲ ಅಂದಿದ್ರ ಸಾಕಿತ್ತು. ಮಂದಿ ಮುಂದ ಕಥಿ ಹೇಳಿದಿ ನೋಡು, ಅದು ಹೋಗಲಿಲ್ಲ."

"ತಪ್ಪಾತು" ಎಂದೆ. ಅಷ್ಟೇ ಹೇಳಲು ಬಂತು. ರೊಕ್ಕ ಇತ್ತು ಎಂಬುದನ್ನೂ ಹೇಳಿದೆ. ಅದನ್ನು ಮುಚ್ಚಿಟ್ಟು ಮನೆಗೆ ತಿರುಗಿ ಹೋಗಲು ಮನಸ್ಸಾಗಲಿಲ್ಲ. ಅವನು ಬಹಳ ಹೊತ್ತು ತೊಗರಿ ಕಟ್ಟಿಗೆಯ ಕಡೆ ನೋಡುತ್ತ ಕೂತ. "ಊಟ ಮಾಡಿ ಹೋಗ್ರಿ" ಎಂದ.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾದೀತು. ಬಾಳೆಯಿದ್ದ ನೆಲದಲ್ಲಿ ಬಹುಪಾಲು ಈಗ ತೊಗರಿ. ಮನೆಯ ಹಿಂದೆ ನಾಲ್ಕು ಸಾಲು ಕೆಂಪು ಬಾಳೆ ಉಳಿಸಿಕೊಂಡಿದ್ದಾನೆ. ಆ ವರ್ಷದ ಹಾನಿಯನ್ನು ನನ್ನ ಒಂದು 'ತಪ್ಪಾತು' ತುಂಬಿಕೊಡುವುದಿಲ್ಲ. ಆದರೆ ಆ ರಾತ್ರಿ ನಾವು ಅಲ್ಲೇ ಉಳಿದೆವು. ಭಜನೆಯವರು ಬಂದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ನಾನು ತಮ್ಮನ ಹಾಡನ್ನು ಕೊನೆಯವರೆಗೆ ಕೂತು ಕೇಳಿದೆ. ಮೊಮ್ಮಗಳ ಕೈಗೆ ತಾಳ ಕೊಟ್ಟರು. ಅವಳು ತಪ್ಪುತಪ್ಪಾಗಿ ಬಾರಿಸಿದರೂ ಯಾರೂ ನೀತಿ ಹೇಳಲಿಲ್ಲ.

ಹೊರಡುವಾಗ ತಮ್ಮ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಮೊಮ್ಮಗಳ ಚೀಲಕ್ಕೆ ಹಾಕಿದ. ಶ್ರಾವಣದಲ್ಲಿ ಕಲಬುರಗಿಗೆ, ಶರಣಬಸವೇಶ್ವರ ಗುಡಿಗೆ ಬರುವವನಿದ್ದಾನಂತೆ. "ಬಂದ್ರ ಮನಿಗಿ ಬಾ" ಎಂದೆ. "ನೋಡೂಣು" ಎಂದ.

ಮೊಮ್ಮಗಳ ನೋಟ್‌ಬುಕ್ಕಿನಲ್ಲಿ ಹತ್ತೂ ಕಥೆ ಪೂರ್ತಿಯಾದವು. ಏಳನೆಯದರ ಕೆಳಗೆ ಗಾದೆಯ ಜಾಗದಲ್ಲಿ ಅವಳು ತನ್ನ ಆಯಿಯ ಮಾತನ್ನೇ ಬರೆದಳು. "ಇದು ಗಾದಿ ಅಲ್ಲ, ಟೀಚರ್ ತಪ್ಪು ಹಾಕ್ತಾರ" ಎಂದೆ. "ಹಾಕಲಿ" ಎಂದಳು.

ನೀವೂ ಆಡಿ ನೋಡಿ

ಕೆಳಗಿನ ಕಥೆಗಳನ್ನು ಅಜ್ಜ ಅಜ್ಜಿ ಹೇಳಲಿ, ಮೊಮ್ಮಕ್ಕಳು ಗಾದೆ ಹುಡುಕಲಿ. ಮೊಮ್ಮಕ್ಕಳು ಪ್ರಶ್ನೆ ಕೇಳಿದರೆ ಅಜ್ಜ ಅಜ್ಜಿ ಗದರಿಸಬಾರದು, ಆಟದ ನಿಯಮ ಇದೊಂದೇ.

1. ಎರಡು ಚೀಲ: ದೇವರು ಮನುಷ್ಯನ ಕೊರಳಿಗೆ ಎರಡು ಚೀಲ ತೂಗುಹಾಕಿದ. ಬೇರೆಯವರ ತಪ್ಪು ತುಂಬಿದ ಚೀಲ ಎದೆಯ ಮುಂದೆ, ತನ್ನ ತಪ್ಪಿನ ಚೀಲ ಬೆನ್ನ ಹಿಂದೆ. ಗಾದೆ: ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಬೇರೆಯವರ ತಟ್ಟೆಯ ನೊಣ ತೋರಿಸಿದರಂತೆ. ಪ್ರಶ್ನೆ: ಹಿಂದಿನ ಚೀಲವನ್ನು ನಮಗೆ ಯಾರು ತೋರಿಸಬೇಕು?

2. ಗಾಳಿ ಮತ್ತು ಸೂರ್ಯ: ದಾರಿಹೋಕನ ಮೈಮೇಲಿನ ಬಟ್ಟೆ ಯಾರು ತೆಗೆಸುತ್ತಾರೆಂದು ಪಂದ್ಯ. ಗಾಳಿ ಜೋರಾಗಿ ಬೀಸಿದಷ್ಟೂ ಅವನು ಬಿಗಿಯಾಗಿ ಹೊದ್ದುಕೊಂಡ. ಸೂರ್ಯ ಮೆಲ್ಲಗೆ ಕಾಯಿಸಿದಾಗ ತಾನಾಗಿ ತೆಗೆದ. ಗಾದೆ: ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ?

3. ತೊಗರಿ ಕಟ್ಟಿಗೆ: ಜಗಳಾಡುವ ಮಕ್ಕಳಿಗೆ ತಂದೆ ಕೋಲುಗಳ ಹೊರೆ ಮುರಿಯಲು ಹೇಳಿದ. ಯಾರಿಂದಲೂ ಆಗಲಿಲ್ಲ. ಬಿಚ್ಚಿ ಒಂದೊಂದೇ ಕೊಟ್ಟಾಗ ಎಲ್ಲ ಮುರಿದವು. ನಮ್ಮ ಕಡೆಯ ಮಕ್ಕಳು ಇದನ್ನು ತೊಗರಿ ಕಟ್ಟಿಗೆಯಲ್ಲಿ ಮಾಡಿ ನೋಡಬಹುದು. ಗಾದೆ: ಒಗ್ಗಟ್ಟಿನಲ್ಲಿ ಬಲವಿದೆ. ಪ್ರಶ್ನೆ: ಬಿಚ್ಚಿಹೋದ ಹೊರೆಯನ್ನು ಮತ್ತೆ ಕಟ್ಟಲು ಮೊದಲು ಬಗ್ಗಬೇಕಾದವರು ಯಾರು?

4. ಬೆಕ್ಕಿಗೆ ಗಂಟೆ ಕಟ್ಟುವವರಾರು: ಇದು ಗಾದೆಯೂ ಹೌದು, ಕಥೆಯೂ ಹೌದು. ಈಸೋಪನ ಪುಸ್ತಕಗಳಲ್ಲಿ ಇರುತ್ತದೆ, ಆದರೆ ಹಳೆಯ ಗ್ರೀಕ್ ಸಂಗ್ರಹಗಳಲ್ಲಿ ಇಲ್ಲ. ನೂರಾರು ವರ್ಷಗಳ ನಂತರ ಯುರೋಪಿನಲ್ಲಿ ಸೇರಿಕೊಂಡದ್ದು. ಪ್ರಶ್ನೆ: ನಿಮ್ಮ ಮನೆಯಲ್ಲಿ ಯಾರೂ ಹೇಳಲು ಮುಂದಾಗದ ಮಾತು ಯಾವುದು? ಅದನ್ನು ಮೊದಲು ಹೇಳುವವರು ಯಾರು?